ಒಂದು ದಿನದ ಶಿಬಿರದಲ್ಲಿ ಹಿರಿಯರು ತಯಾರಾಗುವುದಿಲ್ಲ

ಪ್ರಶ್ನೆ: ಉಡುಪಿ ಸಮೀಪದ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಸಮಿತಿಯ ಕಾರ್ಯದರ್ಶಿ. ನಮ್ಮ ಸಭಾಪಾಲಕರಿಗೆ (ಪಾದ್ರಿಗೆ) ಇನ್ನೂ ಎರಡು ಸಭೆಗಳ ಜವಾಬ್ದಾರಿ ಇದೆ. ಅವರು ಬರಲಾಗದ ಭಾನುವಾರ ಆರಾಧನೆ ನಡೆಸುವವರು ಇಬ್ಬರೇ. ಇಬ್ಬರಿಗೂ 70 ದಾಟಿದೆ. ಕಳೆದ ವರ್ಷ ಹೊರಗಿನಿಂದ ಒಬ್ಬರನ್ನು ಕರೆಸಿ ಒಂದು ದಿನದ ನಾಯಕತ್ವ ಶಿಬಿರ ಮಾಡಿದೆವು. 46 ಮಂದಿ ಬಂದಿದ್ದರು. ಎಲ್ಲರಿಗೂ ಪ್ರಮಾಣಪತ್ರ ಕೊಟ್ಟೆವು. ಆಮೇಲೆ ಏನೂ ಬದಲಾಗಲಿಲ್ಲ. ಸಭಿಕರನ್ನು ಮುಂದಾಳುಗಳಾಗಿ ತಯಾರು ಮಾಡುವುದು ಹೇಗೆ? ಯಾವುದಾದರೂ ಕೋರ್ಸಿಗೆ ಕಳಿಸಬೇಕಾ? ‘ನಾವು ಓದಿದವರಲ್ಲ, ನಮ್ಮಿಂದ ಆಗಲ್ಲ’ ಅನ್ನುವವರಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಸಂತೋಷವಾಯಿತು. ಒಂದು ದಿನದ ಕಾರ್ಯಕ್ರಮಕ್ಕೆ 46 ಮಂದಿ ಬಂದರು ಅಂದರೆ ನಿಮ್ಮ ಸಭೆಯಲ್ಲಿ ಹಸಿವಿದೆ. ಅದು ಇಲ್ಲದ ಕಡೆ ಏನು ಮಾಡಿದರೂ ಕಷ್ಟ.

ಶಿಬಿರ ಮಾಡಿದ್ದು ತಪ್ಪಲ್ಲ. ಮರುದಿನ ಆ 46 ಮಂದಿಯಲ್ಲಿ ಒಬ್ಬರ ಕೈಗಾದರೂ ಒಂದು ಕೆಲಸ ಕೊಟ್ಟಿರಾ? ನನಗನಿಸುವುದು, ಇಲ್ಲ. ಮಾತು ಕೇಳಿದರು, ಊಟ ಮಾಡಿದರು, ಮನೆಗೆ ಹೋದರು. ಈಜು ಕಲಿಸುತ್ತೇವೆಂದು ಕರೆದು, ಹೊಳೆ ಬದಿಯಲ್ಲಿ ಕೂರಿಸಿ ಭಾಷಣ ಮಾಡಿ ಕಳಿಸಿದ ಹಾಗಾಯಿತು. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಕಂಡುಕೊಂಡದ್ದು ಇಷ್ಟು: ಮೊದಲು ಕೆಲಸ ಕೊಡಿ. ಸಣ್ಣದೇ ಆಗಲಿ, ಆದರೆ ನಿಜವಾದ ಕೆಲಸ. ಆ ಕೆಲಸಕ್ಕೆ ಬೇಕಾದ ಪಾಠವನ್ನು ಆ ವಾರವೇ ಕಲಿಸಿ. ಕೆಲಸ ಮುಗಿದ ಮೇಲೆ ಅವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಈ ಮೂರೂ ಇದ್ದರೆ ಪಿಯುಸಿ ಓದದವರೂ ಮುಂದಾಳಾಗುತ್ತಾರೆ. ಇಲ್ಲದಿದ್ದರೆ ಡಿಗ್ರಿ ಇದ್ದವರೂ ಹಿಂದಿನ ಬೆಂಚಿನಲ್ಲೇ ಉಳಿಯುತ್ತಾರೆ.

‘ನಾವು ಓದಿದವರಲ್ಲ’ ಅನ್ನುವ ಮಾತಿಗೆ ನಮ್ಮ ಊರಿನ ಚರಿತ್ರೆಯಲ್ಲೇ ಉತ್ತರ ಇದೆ. 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನ ಮೂವರು ಹೇಬಿಕ್, ಲೇನರ್ ಮತ್ತು ಗ್ರೈನರ್. ಅವರನ್ನು ಕಳಿಸಿದ ಮಿಷನ್‌ಗೆ ಜಾಸ್ತಿ ಜನ ಬರುತ್ತಿದ್ದುದು ಜರ್ಮನಿಯ ವುರ್ಟೆಂಬರ್ಗ್ ಕಡೆಯಿಂದ. ಬಹಳ ಮಂದಿ ರೈತರ, ಕುಶಲಕರ್ಮಿಗಳ ಮಕ್ಕಳು. ಆ ಸೀಮೆಯಲ್ಲಿ ‘ಸ್ಟುಂಡೆ’ ಅಂತ ಒಂದು ಪದ್ಧತಿ ಇತ್ತು. ಸ್ಟುಂಡೆ ಅಂದರೆ ಒಂದು ಗಂಟೆ. ಯಾರದಾದರೂ ಮನೆಯಲ್ಲಿ ಜನ ಸೇರುತ್ತಿದ್ದರು. ಒಬ್ಬ ನೇಕಾರನೋ ರೈತನೋ ಸತ್ಯವೇದ ತೆರೆದು ಓದಿ ನಾಲ್ಕು ಮಾತು ಹೇಳುತ್ತಿದ್ದ. ಅಲ್ಲಿನ ಸರ್ಕಾರ 1743ರಲ್ಲಿ ಒಂದು ಆಜ್ಞೆ ಹೊರಡಿಸಿ ಇದಕ್ಕೆ ಅನುಮತಿ ಕೊಟ್ಟಿತ್ತು. ನಮ್ಮ ಕಡೆ ಇವತ್ತಿಗೂ ನಡೆಯುವ ಮನೆ ಪ್ರಾರ್ಥನೆಯಲ್ಲಿ ನನಗೆ ಅದೇ ಗುಣ ಕಾಣುತ್ತದೆ. ದೀಕ್ಷೆ ಇಲ್ಲದ, ಅಂದರೆ ಪಾದ್ರಿಯಾಗಿ ನೇಮಕವಾಗದ ಮನುಷ್ಯ ಸತ್ಯವೇದದ ವಾಕ್ಯ ತೆರೆಯಬಹುದು ಅನ್ನುವುದು ನಮ್ಮ ಸಭೆಗಳ ಬುಡದಲ್ಲೇ ಇದೆ.

ಮಂಗಳೂರಿನ ಬಲ್ಮಠದಲ್ಲಿ 1847ರಲ್ಲಿ ಶುರುವಾದ ಸೆಮಿನರಿಯನ್ನೇ (ಧರ್ಮಸೇವಕರನ್ನು ತಯಾರು ಮಾಡುವ ಶಾಲೆ) ನೋಡಿ. ಬಾಸೆಲ್ ಮಿಷನ್‌ನ ಮೋಗ್ಲಿಂಗ್ ಅವರಿಗೆ ಆಗ ತುರ್ತಾಗಿ ಬೇಕಾಗಿದ್ದವರು ‘ಉಪದೇಶಿ’ಗಳು. ಹಳ್ಳಿಯಿಂದ ಹಳ್ಳಿಗೆ ನಡೆದು, ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ, ಮಕ್ಕಳಿಗೆ ಅಕ್ಷರ ಕಲಿಸುವ ಊರಿನ ಜನ. ಅದೇ ವರ್ಷ ತುಳು ಹೊಸ ಒಡಂಬಡಿಕೆ ಕೂಡ ಅಚ್ಚಾಗಿ ಬಂತು, ಕನ್ನಡ ಲಿಪಿಯಲ್ಲಿ. ಜನರ ತರಬೇತಿಯೂ ಜನರ ಭಾಷೆಯೂ ಜೊತೆಜೊತೆಗೆ ಹೋದವು. ಮಂಗಳೂರಿನವರೇ ಆದ ಹರ್ಮನ್ ಆನಂದರಾವ್ ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಬಂದು ಇಲ್ಲಿ ಕಲಿಸಿದರು. ಅವರ ಹೆಸರು ಪುಸ್ತಕಗಳಲ್ಲಿದೆ. ಹೆಸರಿಲ್ಲದ ಉಪದೇಶಿಗಳು, ಅವರ ಹೆಂಡತಿಯರು ಎಷ್ಟೋ ಮಂದಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಅಹ್ಮದ್‌ನಗರದ ಶಿಬಿರಕ್ಕೆ ಹಾಕಿದರು, ಆಮೇಲೆ ಊರಿಗೆ ಕಳಿಸಿದರು. ಆ ಮೇಲೆ ಭಾನುವಾರ ಗಂಟೆ ಹೊಡೆದವರು, ಆರಾಧನೆಯಲ್ಲಿ ಸತ್ಯವೇದದ ಪಾಠ ಓದಿದವರು, ರೋಗಿಯ ಬಳಿ ಕೂತವರು ಯಾರು? ಇಲ್ಲಿನ ಬೋಧಕರು, ಇಲ್ಲಿನ ಹಿರಿಯರು. ಹಂಚಿನ ಕಾರ್ಖಾನೆಗೋ ನೇಯ್ಗೆಗೋ ಹೋಗಿ ದುಡಿಯುತ್ತಿದ್ದ ಸಭಿಕರು. ‘ನಮ್ಮಿಂದ ಆಗಲ್ಲ’ ಅನ್ನುವವರಿಗೆ ನಾನು ಇದನ್ನೇ ಹೇಳುವುದು: ನಿಮ್ಮ ಮುತ್ತಜ್ಜನಿಂದ ಆಗಿತ್ತು.

ಸತ್ಯವೇದದ ಆಧಾರ ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಂದೆ ಹೋಗುತ್ತೇನೆ. ಪೇತ್ರನ ಮೊದಲ ಪತ್ರದ ಎರಡನೇ ಅಧ್ಯಾಯ ವಿಶ್ವಾಸಿಗಳೆಲ್ಲರನ್ನೂ ಯಾಜಕರು ಎಂದು ಕರೆಯುತ್ತದೆ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಇದನ್ನೇ ಹಿಡಿದು ಬರೆದರು. ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದ ಪ್ರಕಾರ ಸಭಾಪಾಲಕರ ಕೆಲಸವೇ ಉಳಿದವರನ್ನು ಸೇವೆಗೆ ಸಿದ್ಧ ಮಾಡುವುದು. ಒಂದು ಗಡಿ ಮಾತ್ರ ನೆನಪಿರಲಿ. ಸಿಎಸ್‌ಐನಲ್ಲಿ ಕರ್ತನ ಭೋಜನ ನಡೆಸುವುದು ದೀಕ್ಷೆ ಪಡೆದ ಸಭಾಪಾಲಕರು ಅಥವಾ ಬಿಷಪರು. ಆರಾಧನೆ ನಡೆಸುವುದು, ಪಾಠ ಓದುವುದು, ಒಪ್ಪಿಗೆ ಪಡೆದು ಪ್ರಸಂಗ ಮಾಡುವುದು, ಮನೆ ಭೇಟಿ, ಲೆಕ್ಕಪತ್ರ, ಭಾನುವಾರ ಶಾಲೆ, ಸಮಿತಿಯ ತೀರ್ಮಾನಗಳು ಇವೆಲ್ಲ ಸಭಿಕರ ಕೈಗೆ ಬರಬಹುದು.

ಈಗ ಕೆಲಸ ಕೊಟ್ಟು ಕಲಿಸುವುದು ಅಂದರೆ ಏನು ಅಂತ ಒಂದು ಉದಾಹರಣೆ.

ಒಂದು ಸಭೆಯಲ್ಲಿ ಬೀಡಿ ಕಟ್ಟಿ ಜೀವನ ಮಾಡುತ್ತಿದ್ದ ತಾಯಿಯೊಬ್ಬರಿದ್ದರು. ಇಪ್ಪತ್ತು ವರ್ಷ ಮಹಿಳಾ ಸಂಘದ ಸದಸ್ಯೆ. ಒಮ್ಮೆಯೂ ಮುಂದೆ ನಿಂತು ಪಾಠ ಓದಿದವರಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಾನು ಕೇಳಿದಾಗ ಎರಡೂ ಕೈ ಆಡಿಸಿ ಬೇಡ ಅಂದುಬಿಟ್ಟರು. ಸುಮ್ನೆ ಒಂದು ಬುಧವಾರ ಸಂಜೆ ಅವರ ಜಗಲಿಯಲ್ಲಿ ಕೂತೆ. ಮಡಿಲಲ್ಲಿ ಮೊರ, ಕೈ ಎಲೆ ಸುತ್ತುತ್ತಲೇ ಇತ್ತು. ರೂತಳ ಪುಸ್ತಕದ ಮೊದಲ ಅಧ್ಯಾಯವನ್ನು ನಾನು ಓದಿದೆ. ಆಮೇಲೆ ಪುಸ್ತಕ ಮುಚ್ಚಿ, ‘ಇದನ್ನು ನಿಮ್ಮ ಮೊಮ್ಮಗಳಿಗೆ ತುಳುವಿನಲ್ಲಿ ಹೇಗೆ ಹೇಳುತ್ತೀರಿ?’ ಅಂತ ಕೇಳಿದೆ. ಅವರು ಹೇಳಿದರು. ಎಷ್ಟು ಚೆನ್ನಾಗಿ ಅಂದರೆ, ಅತ್ತೆ ಸೊಸೆಯರು ದಾರಿ ಮಧ್ಯೆ ನಿಂತು ಅತ್ತದ್ದು ನನಗೇ ಕಣ್ಣಿಗೆ ಕಟ್ಟಿತು. ನಡುವೆ ಕೈ ನಿಲ್ಲಿಸಿ, ಅತ್ತೆಯನ್ನು ಬಿಟ್ಟು ಹಿಂತಿರುಗಿದ ಇನ್ನೊಬ್ಬ ಸೊಸೆ ಒರ್ಫಾಳ ಬಗ್ಗೆ ಒಂದು ಪ್ರಶ್ನೆ ಕೇಳಿದರು: ‘ಒರ್ಫಾ ಕೂಡ ಅತ್ತಳಲ್ಲ, ಅವಳನ್ನು ಯಾಕೆ ನಾವು ಬೈಯುವುದು? ತಾಯಿ ಮನೆಗೆ ಹೋಗು ಅಂತ ಅತ್ತೆಯೇ ಹೇಳಿದ್ದಲ್ವಾ?’

ಮುಂದಿನ ಎರಡು ಬುಧವಾರ ಅದೇ ಅಧ್ಯಾಯ. ಮೊದಲು ತುಳುವಿನಲ್ಲಿ ಕಥೆ, ಆಮೇಲೆ ಕನ್ನಡದಲ್ಲಿ ಓದು. ಎಲ್ಲಿ ಉಸಿರು ತೆಗೆಯಬೇಕು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟೆ. ಹೆಸರುಗಳು ನಾಲಿಗೆಗೆ ತೊಡಕಾಗುತ್ತಿದ್ದವು, ಎಲೀಮೆಲೆಕ ಅನ್ನುವುದನ್ನು ಹತ್ತು ಸಲ ಹೇಳಿಕೊಂಡರು. ಶನಿವಾರ ಸಂಜೆ ಖಾಲಿ ಚರ್ಚಿನಲ್ಲಿ ಒಮ್ಮೆ ನಿಂತು ಓದಿದರು, ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳಿದೆ. ಭಾನುವಾರ ಅವರು ಓದಿದಾಗ ಸಭೆಯಲ್ಲಿ ಒಂದು ಮಗು ಕೂಡ ಗಲಾಟೆ ಮಾಡಲಿಲ್ಲ. ಸಭಾಪಾಲಕರು ಆ ದಿನದ ಪ್ರಸಂಗವನ್ನು ಒರ್ಫಾಳ ಪ್ರಶ್ನೆಯಿಂದಲೇ ಶುರು ಮಾಡಿದರು. ಎರಡು ವರ್ಷದಲ್ಲಿ ಆ ತಾಯಿ ಮನೆ ಪ್ರಾರ್ಥನೆ ನಡೆಸುವವರಾದರು, ಆಮೇಲೆ ಸಮಿತಿಗೆ ಬಂದರು.

ಲೆಕ್ಕ ಹಾಕಿ ನೋಡಿ: ಮೂರು ಬುಧವಾರ, ಒಂದು ಶನಿವಾರ. ಖರ್ಚು ಒಂದು ಪೆನ್ಸಿಲ್. ಇದರಲ್ಲಿ ತುಳುವಿನ ಪಾತ್ರ ದೊಡ್ಡದು. ನಮ್ಮ ಸಭೆಗಳಲ್ಲಿ ಬಹಳ ಜನ ಯೋಚನೆ ಮಾಡುವುದು ತುಳುವಿನಲ್ಲಿ, ಆರಾಧನೆ ಕನ್ನಡದಲ್ಲಿ, ತರಬೇತಿಯ ಪುಸ್ತಕ ಇಂಗ್ಲಿಷಿನಲ್ಲಿ. ‘ನಮಗೆ ಗೊತ್ತಿಲ್ಲ’ ಅನ್ನುವವರಲ್ಲಿ ಅರ್ಧ ಜನರಿಗೆ ವಿಷಯ ಗೊತ್ತಿರುತ್ತದೆ, ಆ ಭಾಷೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ ಅಷ್ಟೇ. ಅವರ ಭಾಷೆಯಲ್ಲಿ ಶುರು ಮಾಡಿ.

ಓದಿನಷ್ಟೇ ಮುಖ್ಯವಾದದ್ದು ಮನೆ ಭೇಟಿ. ಇದಕ್ಕೆ ಮೆಥಡಿಸ್ಟರ ಹಳೆಯ ಪಾಠ ಒಂದಿದೆ. ಸಿಎಸ್‌ಐ 1947ರ ಸೆಪ್ಟೆಂಬರ್ 27ರಂದು ಹುಟ್ಟಿದಾಗ ಮೆಥಡಿಸ್ಟರೂ ಅದರೊಳಗೆ ಬಂದವರು, ಹಾಗಾಗಿ ಇದು ನಮ್ಮ ಆಸ್ತಿಯೇ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಯವರ ಸಂಘಕ್ಕೆ ಕಟ್ಟಡದ ಸಾಲ ಇತ್ತು. ಫಾಯ್ ಎಂಬ ಒಬ್ಬ ಕ್ಯಾಪ್ಟನ್ ಎದ್ದು ನಿಂತು, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂದರು. ಬಡವರಿಂದ ಆಗುವುದಿಲ್ಲ ಅಂತ ಯಾರೋ ಹೇಳಿದರು. ಹಾಗಾದರೆ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಕೊಡಿ, ಕೊಡಲಾಗದವರದ್ದನ್ನು ನಾನೇ ಕೊಡುತ್ತೇನೆ ಅಂದರು ಫಾಯ್. ಹೀಗೆ ಒಬ್ಬೊಬ್ಬರು ಹನ್ನೊಂದು ಮಂದಿಯ ಮನೆಗೆ ವಾರ ವಾರ ಹೋಗತೊಡಗಿದರು. ಪೆನ್ನಿ ತರಲು ಹೋದವರಿಗೆ ಮನೆಯೊಳಗಿನ ಸ್ಥಿತಿ ಕಂಡಿತು. ಯಾರಿಗೆ ಕಾಯಿಲೆ, ಯಾರು ಕುಡಿಯುತ್ತಿದ್ದಾರೆ, ಯಾರ ನಂಬಿಕೆ ಸೋತಿದೆ ಎಲ್ಲ ತಿಳಿಯಿತು. ವೆಸ್ಲಿ ಅದನ್ನು ಗಮನಿಸಿ ಇಡೀ ಚಳವಳಿಯಲ್ಲಿ ಜಾರಿಗೆ ತಂದರು. ‘ಕ್ಲಾಸ್ ಮೀಟಿಂಗ್’ ಹುಟ್ಟಿದ್ದು ಹಾಗೆ.

ನೀವೂ ಸಭೆಯ ಮನೆಗಳನ್ನು ಹತ್ತು ಹನ್ನೆರಡರ ಗುಂಪು ಮಾಡಿ. ಒಂದೊಂದು ಗುಂಪಿಗೆ ಒಬ್ಬ ಹಿರಿಯರು, ಜೊತೆಗೆ 35 ದಾಟದ ಒಬ್ಬರು. ತಿಂಗಳಿಗೆ ಒಮ್ಮೆಯಾದರೂ ಪ್ರತಿ ಮನೆಗೆ ಹೋಗಲಿ. ಹೋದ ಕೂಡಲೇ ಪ್ರಾರ್ಥನೆ ಶುರು ಮಾಡಿ ಎದ್ದು ಬರುವುದು ಬೇಡ. ಮೊದಲು ಹತ್ತು ನಿಮಿಷ ಕೇಳಿಸಿಕೊಳ್ಳಲಿ. ಕೇಳಿಸಿಕೊಳ್ಳುವುದು ನಮ್ಮಲ್ಲಿ ಯಾರೂ ಕಲಿಸದ ಪಾಠ. ಬಂದ ಮೇಲೆ ‘ಏನು ಹೇಳಿದೆ’ ಅನ್ನುವುದಕ್ಕಿಂತ ‘ಏನು ಕೇಳಿದೆ’ ಅಂತ ಒಂದು ಸಾಲು ಹೇಳಲು ಹೇಳಿ. ಗುಟ್ಟಾಗಿ ಹೇಳಿದ ವಿಷಯ ಮಾತ್ರ ಸಮಿತಿ ಮೇಜಿಗೆ ಬರಕೂಡದು. ಈ ಒಂದು ನಿಯಮ ಮುರಿದರೆ ಮತ್ತೆ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ.

ಇನ್ನು ಹಣ ಮತ್ತು ಕಾನೂನು. ಇದು ಆತ್ಮಿಕ ವಿಷಯ ಅಲ್ಲ ಅಂತ ತರಬೇತಿಯಲ್ಲಿ ಬಿಟ್ಟುಬಿಡುತ್ತಾರೆ. ನನಗೆ ಇದರ ಬಗ್ಗೆ ತುಂಬಾ ನೋವಿದೆ, ಯಾಕೆಂದು ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮ ಸಭೆಯಲ್ಲಿ ಒಬ್ಬ ಖಜಾಂಚಿ ಇದ್ದರು. ಅಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಆಮೇಲೂ ಕಂಡಿಲ್ಲ. ಬೆಳೆ ಹಬ್ಬದ ಏಲಂನಲ್ಲಿ ತೆಂಗಿನಕಾಯಿ, ಹಲಸು, ಸೌತೆ, ಊರ ಕೋಳಿ ಎಲ್ಲ ಹರಾಜಾದ ಮೇಲೆ ಚಿಲ್ಲರೆ ಸಮೇತ ಎಣಿಸಿ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಆದರೆ ಹಣ ಇಡುತ್ತಿದ್ದುದು ತಮ್ಮ ಹೆಸರಿನ ಖಾತೆಯಲ್ಲಿ. ಹಾಗೆ ಮಾಡಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಮಳೆಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸಭೆಯ ದುಡ್ಡು ಯಾವುದು, ಮನೆಯ ದುಡ್ಡು ಯಾವುದು? ತಿಂಗಳುಗಟ್ಟಲೆ ಮಾತು ಬೆಳೆಯಿತು. ಒಂದು ರೂಪಾಯಿ ಮುಟ್ಟದ ಮನುಷ್ಯನ ಹೆಂಡತಿ ಚರ್ಚಿಗೆ ಬರುವುದನ್ನೇ ಬಿಟ್ಟರು. ಆ ತಪ್ಪು ಖಜಾಂಚಿಯದ್ದಲ್ಲ. ಕಲಿಸದೆ ಕೆಲಸ ವಹಿಸಿದ ಸಮಿತಿಯದ್ದು.

ಅದಕ್ಕೇ ಹೇಳುತ್ತೇನೆ, ಸಮಿತಿಗೆ ಬರುವ ಪ್ರತಿಯೊಬ್ಬರಿಗೂ ಒಂದು ಸಂಜೆ ಲೆಕ್ಕದ ಪಾಠ ಆಗಲೇಬೇಕು. ಕಾಣಿಕೆಯನ್ನು ಸಂಬಂಧಿಕರಲ್ಲದ ಇಬ್ಬರು ಒಟ್ಟಿಗೆ ಎಣಿಸಿ ಸಹಿ ಹಾಕುವುದು. ಖಾತೆ ಸಭೆಯ ಹೆಸರಿನಲ್ಲಿ, ಎರಡು ಸಹಿಯೊಂದಿಗೆ. ಬಂದ ಹಣ ಬ್ಯಾಂಕಿಗೆ ಹೋಗುವ ಮೊದಲು ಖರ್ಚಾಗದಿರುವುದು. ಜಾಗದ ವಿಷಯವೂ ತಿಳಿದಿರಲಿ. ಸಿಎಸ್‌ಐ ಆಸ್ತಿಗಳನ್ನು ಇಟ್ಟುಕೊಂಡಿರುವುದು ಚರ್ಚ್ ಆಫ್ ಸೌತ್ ಇಂಡಿಯಾ ಟ್ರಸ್ಟ್ ಅಸೋಸಿಯೇಶನ್ ಎಂಬ ನೋಂದಾಯಿತ ಕಂಪನಿ. ನಮ್ಮ ಅಜ್ಜ ಕಲ್ಲು ಹೊತ್ತು ಕಟ್ಟಿದ ಚರ್ಚ್ ಅಂತ ಸ್ಥಳೀಯ ಸಮಿತಿ ತನ್ನಷ್ಟಕ್ಕೇ ಜಾಗ ಮಾರುವುದಕ್ಕಾಗಲಿ ಲೀಸಿಗೆ ಕೊಡುವುದಕ್ಕಾಗಲಿ ಆಗುವುದಿಲ್ಲ. ಡಯಾಸಿಸ್‌ನ (ಬಿಷಪರ ಆಡಳಿತಕ್ಕೆ ಸೇರಿದ ಪ್ರಾಂತ್ಯದ) ನಿಯಮಾವಳಿಯನ್ನು ತರಿಸಿ, ಸಮಿತಿ ಸಭೆಯಲ್ಲಿ ಸಲಕ್ಕೆ ಎರಡು ಪುಟದಂತೆ ಗಟ್ಟಿಯಾಗಿ ಓದಿ ಮಾತಾಡಿಕೊಳ್ಳಿ. ಭಾನುವಾರ ಶಾಲೆಯ ಶಿಕ್ಷಕರಿಗೆ 2012ರ ಪೋಕ್ಸೊ ಕಾಯ್ದೆಯ ಪಾಠ ಕಡ್ಡಾಯ ಮಾಡಿ. ಮಗುವಿಗೆ ಲೈಂಗಿಕ ಹಿಂಸೆ ಆಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮರ್ಯಾದೆ ಅಂತ ಮುಚ್ಚಿಟ್ಟರೆ ಅದೇ ಅಪರಾಧ. ಇದರಲ್ಲಿ ರಾಜಿ ಇಲ್ಲ.

ಕೋರ್ಸಿನ ಬಗ್ಗೆ ಕೇಳಿದಿರಿ. ಎಲ್ಲರಿಗೂ ಬೇಡ. ಒಬ್ಬರಿಗೋ ಇಬ್ಬರಿಗೋ ಸಾಕು, ಅದೂ ಒಂದು ವರ್ಷ ಕೆಲಸ ಮಾಡಿ ತೋರಿಸಿದವರಿಗೆ. ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್‌ನವರು ಸಾಮಾನ್ಯ ಸಭಿಕರಿಗಾಗಿಯೇ ಮನೆಯಿಂದ ಓದುವ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಪದವಿ ಇಟ್ಟಿದ್ದಾರೆ. ಬೆಂಗಳೂರಿನ ಟಾಫ್ಟಿ ಸಂಸ್ಥೆ 1971ರಿಂದ ಇದೇ ಕೆಲಸ ಮಾಡುತ್ತಿದೆ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ನಿಮಗೆ ಒಂದೂವರೆ ಗಂಟೆಯ ಬಸ್ ದಾರಿ, ಅಲ್ಲಿಗೆ ಹೋಗಿ ವಿಚಾರಿಸಿ. ಸೇರುವ ಮೊದಲು ಪಾಠ ಮತ್ತು ಪರೀಕ್ಷೆ ಕನ್ನಡದಲ್ಲಿ ಸಿಗುತ್ತದೆಯೇ ಅಂತ ಕೇಳುವುದನ್ನು ಮರೆಯಬೇಡಿ.

ಹೀಗೆ ಊರಲ್ಲೇ ಇದ್ದು ಓದುವ ಪದ್ಧತಿ ಶುರುವಾದದ್ದು 1963ರಲ್ಲಿ, ಗ್ವಾಟೆಮಾಲ ದೇಶದ ಒಂದು ಪ್ರೆಸ್ಬಿಟೇರಿಯನ್ ಸೆಮಿನರಿಯಲ್ಲಿ. ಹಳ್ಳಿಗಳಲ್ಲಿ ಆಗಲೇ ಸಭೆ ನಡೆಸುತ್ತಿದ್ದವರಿಗೆ ಹೊಲ, ಮನೆ, ಮಕ್ಕಳನ್ನು ಬಿಟ್ಟು ಸೆಮಿನರಿಗೆ ಬರಲು ಆಗುತ್ತಿರಲಿಲ್ಲ. ಬರುವ ಹುಡುಗರು ಓದಿದ ಮೇಲೆ ಹಳ್ಳಿಗೆ ವಾಪಸ್ ಹೋಗುವುದು ಕಡಿಮೆಯಾಗಿತ್ತು. ಹಾಗಾಗಿ ಸೆಮಿನರಿಯೇ ಅವರ ಬಳಿಗೆ ಹೋಯಿತು. ಟೆಡ್ ವಾರ್ಡ್ ಎಂಬ ಶಿಕ್ಷಣ ತಜ್ಞರು ಇದನ್ನು ಬೇಲಿಗೆ ಹೋಲಿಸಿದ್ದಾರೆ. ಅಡ್ಡಕ್ಕೆ ಎರಡು ಗಳ: ಒಂದು ಮನೆಯಲ್ಲಿ ಓದುವುದು, ಇನ್ನೊಂದು ಸಭೆಯಲ್ಲಿ ಮಾಡುವ ಕೆಲಸ. ಎರಡನ್ನೂ ಹಿಡಿದಿಡುವ ಗೂಟ ಅಂದರೆ ವಾರ ವಾರ ಒಟ್ಟಿಗೆ ಕೂತು ಮಾತಾಡುವುದು. ನಿಮ್ಮ ಶಿಬಿರದಲ್ಲಿ ಒಂದು ಗಳ ಇತ್ತು. ಗೂಟ ಇರಲಿಲ್ಲ.

ತಿದ್ದುವ ವಿಷಯದಲ್ಲಿ ಎಚ್ಚರ ಬೇಕು. ಹೊಸಬರು ಮೊದಲ ಸಲ ಪ್ರಾರ್ಥನೆ ನಡೆಸಿದಾಗ ತಪ್ಪು ಆಗಿಯೇ ಆಗುತ್ತದೆ. ಅದನ್ನು ಚರ್ಚಿನ ಮೆಟ್ಟಿಲ ಮೇಲೆ ಹತ್ತು ಜನರ ಎದುರು ಹೇಳಿದರೆ ಅವರು ಮುಂದಿನ ಹತ್ತು ವರ್ಷ ಮುಂದೆ ಬರುವುದಿಲ್ಲ. ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಅಪೊಲ್ಲೋಸನಿಗೆ ಎಲ್ಲ ಸರಿಯಾಗಿ ತಿಳಿದಿರಲಿಲ್ಲ. ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು. ಗುಡಾರ ಹೊಲಿಯುವ ಗಂಡ ಹೆಂಡತಿ, ದೀಕ್ಷೆ ಇಲ್ಲದವರು. ಒಳ್ಳೆಯ ಮಾತುಗಾರನನ್ನು ತಿದ್ದಿದ್ದು ಅವರು. ಕರೆದು ಒಂದು ಕಾಫಿ ಕೊಟ್ಟು ಹೇಳಿ. ಮೊದಲು ಚೆನ್ನಾಗಿದ್ದುದನ್ನು ಹೇಳಿ.

ನಿಮ್ಮ 70 ದಾಟಿದ ಇಬ್ಬರು ಹಿರಿಯರನ್ನು ಬದಿಗೆ ಸರಿಸಬೇಡಿ. ಅವರೇ ನಿಮ್ಮ ತರಬೇತುದಾರರು. ಆದರೆ ಅವರ ಹತ್ತಿರ ಕೂತು ಮನಸ್ಸು ಬಿಚ್ಚಿ ಮಾತಾಡಿ: ಇನ್ನು ಮುಂದೆ ಒಬ್ಬರೇ ಆರಾಧನೆ ನಡೆಸುವುದು ಬೇಡ, ಪ್ರತಿ ಸಲ ಪಕ್ಕದಲ್ಲಿ ಒಬ್ಬ ಹೊಸಬರು ಇರಲಿ ಅಂತ. ಮೊದಲ ತಿಂಗಳು ಹೊಸಬರು ಸಂಗೀತದ (ಹಾಡಬೇಕಾದ ಭಕ್ತಿಗೀತೆಯ) ನಂಬರ್ ಹೇಳಲಿ, ಪಾಠ ಓದಲಿ. ಆರನೇ ತಿಂಗಳಿಗೆ ಆರಾಧನೆ ಅವರೇ ನಡೆಸಲಿ, ಹಿರಿಯರು ಪಕ್ಕದಲ್ಲಿ ಕೂತಿರಲಿ. ಸಭಾಪಾಲಕರ ಬಳಿಯೂ ತಿಂಗಳಿಗೆ ಎರಡು ಸಂಜೆ ಕೇಳಿ. ಮೂರು ಸಭೆ ನೋಡುವವರಿಗೆ ಅದೂ ಕಷ್ಟವೇ. ಆದರೆ ಮೋಶೆಗೆ ಅವನ ಮಾವ ಇತ್ರೋನನು ಹೇಳಿದ್ದು ಇದನ್ನೇ ಅಲ್ವಾ, ಎಲ್ಲ ಒಬ್ಬನೇ ಹೊತ್ತರೆ ನೀನೂ ಸೋಲುತ್ತೀ, ಜನವೂ ಸೋಲುತ್ತದೆ ಅಂತ.

ತರಬೇತಿಗೆ ಆರಿಸುವಾಗ ಮುಂದಿನ ಚುನಾವಣೆಯ ಲೆಕ್ಕ ಬೇಡ. ಸಮಿತಿಗೆ ನಿಲ್ಲುವವರಿಗಷ್ಟೇ ಕಲಿಸಿದರೆ ಕಲಿಕೆ ಗುಂಪುಗಾರಿಕೆಯ ಸರಕಾಗುತ್ತದೆ. ಐದು ಮಂದಿ ಸಾಕು. ಅದರಲ್ಲಿ ಕನಿಷ್ಠ ಇಬ್ಬರು ಹೆಂಗಸರು, ಇಬ್ಬರು 35ರ ಒಳಗಿನವರು. ಕೆಲಸದ ನಿಮಿತ್ತ ಮಂಗಳೂರಿಗೋ ಮಣಿಪಾಲಕ್ಕೋ ಓಡಾಡುವವರಿದ್ದರೆ ರಾತ್ರಿ ಎಂಟಕ್ಕೆ ಸೇರಿ. ಅವರ ಶಿಫ್ಟಿಗೆ ನೀವು ಹೊಂದಿಕೊಳ್ಳಿ.

ಪ್ರಮಾಣಪತ್ರ ಈ ಸಲ ಅಚ್ಚು ಹಾಕಿಸಬೇಡಿ. ವರ್ಷ ತುಂಬಿದ ಭಾನುವಾರ ಆ ಐವರ ಹೆಸರನ್ನು ಆರಾಧನೆಯಲ್ಲಿ ಓದಿ, ಸಭೆ ಎದ್ದು ನಿಂತು ಅವರಿಗಾಗಿ ಪ್ರಾರ್ಥಿಸಲಿ. ಅದೇ ದಿನ ಪಾಠ ಓದಲು ಹಿಂದೆಂದೂ ಓದದ ಒಬ್ಬರು ಮುಂದೆ ಬರಲಿ. ಅವರ ಮನೆಯ ಜಗಲಿಯಲ್ಲಿ ಬುಧವಾರ ಕೂತು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟವರು ನೀವಾಗಿರಬಾರದು, ಸಭಾಪಾಲಕರೂ ಆಗಿರಬಾರದು. ಆ ಐವರಲ್ಲಿ ಒಬ್ಬರಾಗಿರಬೇಕು.